ರಾತ್ರಿ ಎಂಟರ ಕಾಮನಬಿಲ್ಲು

ಸದಾನಂದನ ರಜೆಗೆ ಅಡ್ಡ ಬಂದದ್ದು ಒಂದು ಕಾಮನಬಿಲ್ಲು. ಅದೂ ಇವತ್ತು ನಿನ್ನೆಯದಲ್ಲ. 1887ನೇ ಇಸವಿಯ ಮಾರ್ಚ್ ತಿಂಗಳಲ್ಲಿ ಮೂಡಿ, ನಾಲ್ಕು ನಿಮಿಷ ಇದ್ದು, ಯಾರ ತಂಟೆಗೂ ಹೋಗದೆ ಕರಗಿಹೋದ ಕಾಮನಬಿಲ್ಲು. ಅದು ಇಷ್ಟು ವರ್ಷ ಬಿಟ್ಟು ಬಂದು ಕಡಲಾಚೆಯ ಪುಚೊಂಗ್ ಊರಿನ ಹನ್ನೊಂದನೇ ಮಹಡಿಯಲ್ಲಿ ಸೂಟ್‌ಕೇಸು ತುಂಬುತ್ತಿದ್ದ ಸಂಸಾರಸ್ಥನ ಕಾಲಿಗೆ ತೊಡರಿಕೊಳ್ಳುತ್ತದೆಂದು ಯಾರು ಎಣಿಸಿದ್ದರು?

ಆ ಸೋಮವಾರ ಬೆಳಿಗ್ಗೆ ಏಳೂವರೆಗೆ ಸದಾನಂದ ಸೂಟ್‌ಕೇಸಿನ ಮೇಲೆ ಕುಳಿತಿದ್ದ, ಹೆಂಡತಿ ವಾರಿಜಾ ಅದರ ಜಿಪ್ ಎಳೆಯುತ್ತಿದ್ದಳು. ಮರುದಿನ ಬೆಳಿಗ್ಗೆ ಬೆಂಗಳೂರಿಗೆ ವಿಮಾನ, ಅಲ್ಲಿಂದ ಮೈಸೂರು. ವಾರಿಜಾಳ ತಮ್ಮ ಹೊಸ ಮನೆ ಕಟ್ಟಿಸಿದ್ದ. ಗುರುವಾರ ಬೆಳಗಿನ ಜಾವ ನಾಲ್ಕೂವರೆಗೆ ಗೃಹಪ್ರವೇಶ.

ಮೇಜಿನ ಮೇಲಿದ್ದ ಫೋನಿನಿಂದ ಅತ್ತೆಯ ದನಿ ಬರುತ್ತಿತ್ತು. ಮೈಸೂರಿನಲ್ಲಿ ಆಗಿನ್ನೂ ಐದು ಗಂಟೆ. ಆದರೆ ಅತ್ತೆ ಸ್ನಾನ, ಪೂಜೆ, ಮೊದಲ ಜಗಳ ಮೂರನ್ನೂ ಮುಗಿಸಿಯಾಗಿತ್ತು.

"ಅಳಿಯಂದಿರು ಈ ಸಲನಾದ್ರೂ ಬರ್ತಾರೇನೆ ವಾರಿಜಾ?"

"ಬರ್ತಾರಮ್ಮ. ಸೂಟ್‌ಕೇಸ್ ಮೇಲೇ ಕೂತಿದಾರೆ."

"ಕೂತಿರೋದು ಬೇರೆ, ಬರೋದು ಬೇರೆ. ನನ್ನ ಪುಸ್ತಕದಲ್ಲಿ ಆಗ್ಲೇ ಮೂರು ಸಲ ಆಗಿದೆ, ನೆನಪಿರಲಿ ಅಂತ ಹೇಳು."

ಅತ್ತೆಯ ಬಳಿ ಕೆಂಪು ರಟ್ಟಿನ ನೋಟುಬುಕ್ಕೊಂದಿತ್ತು. ಮನೆಯ ಯಾವ ಸಮಾರಂಭಕ್ಕೆ ಯಾರು ಬಂದರು, ಯಾರು ಬರಲಿಲ್ಲ ಎಂಬುದೆಲ್ಲ ಅದರಲ್ಲಿ ದಾಖಲು. ನಾದಿನಿಯ ಮದುವೆ: ಅಳಿಯ ಬರಲಿಲ್ಲ. ಮಾವನ ಷಷ್ಟ್ಯಬ್ದಿ: ಅಳಿಯ ಬರಲಿಲ್ಲ. ಮೊಮ್ಮಗುವಿನ ನಾಮಕರಣ: ಅಳಿಯ ಬರಲಿಲ್ಲ. ಮೂರಕ್ಕೂ ಸದಾನಂದನ ಬಳಿ ಸತ್ಯವಾದ ಕಾರಣಗಳಿದ್ದವು. ಆದರೆ ಆ ಪುಸ್ತಕದಲ್ಲಿ ಕಾರಣ ಬರೆಯಲು ಕಾಲಮ್ಮೇ ಇರಲಿಲ್ಲ.

"ಇವತ್ತು ಆಫೀಸಲ್ಲಿ ಒಂದು ಸಹಿ ಹಾಕಿದ್ರೆ ಮುಗೀತು ಅತ್ತೆ," ಎಂದು ಸದಾನಂದ ಸೂಟ್‌ಕೇಸಿನ ಮೇಲಿನಿಂದಲೇ ಕೂಗಿದ. "ಮಧ್ಯಾಹ್ನದ ಹೊತ್ತಿಗೆ ನಾನು ಫ್ರೀ."

ಸದಾನಂದನ ಕೆಲಸ ಇದ್ದದ್ದು ಪೆಟಾಲಿಂಗ್ ಜಯಾದ ಒಂದು ಸಣ್ಣ ಕಂಪನಿಯಲ್ಲಿ. ಹಳೆಯ ಕಾಗದಪತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ಅವರ ವ್ಯಾಪಾರ. ಎಂಟು ತಿಂಗಳಿಂದ ಅವನ ಮೇಜಿನ ಮೇಲಿದ್ದದ್ದು ಬುಕಿತ್ ತೆರೊಪೊಂಗ್ ಎಂಬ ಗುಡ್ಡದ ಮೇಲೆ ಬ್ರಿಟಿಷರ ಕಾಲದಲ್ಲಿದ್ದ ವೀಕ್ಷಣಾಲಯದ ದಾಖಲೆ. ರಾತ್ರಿ ನಕ್ಷತ್ರ, ಹಗಲು ಮಳೆ ಗಾಳಿ. ದಿನಕ್ಕೆ ನಾಲ್ಕು ಸಲ, ಆರಾರು ಗಂಟೆಗೊಮ್ಮೆ, ಉಷ್ಣಾಂಶ, ಗಾಳಿಯ ಒತ್ತಡ, ಮೋಡ, ಷರಾ. ಹನ್ನೊಂದು ವರ್ಷದ ಹನ್ನೊಂದು ದಪ್ಪ ಸಂಪುಟ, ಜೊತೆಗೆ ಒಂದು ಪೆಟ್ಟಿಗೆ ಪತ್ರವ್ಯವಹಾರ. ಬರೆದವರು ಇಬ್ಬರು: ಬಿಳಿಯ ಸೂಪರಿಂಟೆಂಡೆಂಟು ಮತ್ತು ಮದರಾಸಿನಿಂದ ಕರೆಸಿಕೊಂಡಿದ್ದ ಸಹಾಯಕ ಅಣ್ಣಾಜಿ ರಾವ್.

ಎಂಟು ತಿಂಗಳು ಒಬ್ಬನ ಕೈಬರಹದ ಜೊತೆ ಕಳೆದರೆ ಅವನು ನೆಂಟನಾಗಿಬಿಡುತ್ತಾನೆ. ಅಣ್ಣಾಜಿಗೆ ಜ್ವರ ಬಂದ ವಾರ ಸದಾನಂದನಿಗೆ ಗೊತ್ತು, ಅಂಕಿಗಳು ನಡುಗಿದ್ದವು. ಆದರೂ ನಾಲ್ಕು ಹೊತ್ತಿನಲ್ಲಿ ಒಂದು ಹೊತ್ತೂ ತಪ್ಪಿರಲಿಲ್ಲ. ಶಾಯಿ ಮುಗಿದ ದಿನ ಪೆನ್ಸಿಲಿನಲ್ಲಿ ಬರೆದು, ಮರುದಿನ ಅದರ ಮೇಲೇ ಶಾಯಿ ತಿದ್ದಿದ್ದ. ಅಂಥ ಮನುಷ್ಯನನ್ನು ಕಂಡರೆ ಸದಾನಂದನಿಗೆ ಪ್ರೀತಿ, ಸ್ವಲ್ಪ ಹೊಟ್ಟೆಕಿಚ್ಚೂ.

ಆಫೀಸಿಗೆ ಕಾಲಿಟ್ಟಾಗ ವಾಸಂತಿಯ ಕಂಪ್ಯೂಟರಿನ ಮುಂದೆ ನಗು ಕೇಳುತ್ತಿತ್ತು. ಹುಬ್ಬಳ್ಳಿಯ ವಾಸಂತಿ ಪ್ರದರ್ಶನದ ಫಲಕಗಳನ್ನು ವಿನ್ಯಾಸ ಮಾಡುವವಳು. ಅದೇ ವಾರದ ಶನಿವಾರ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನ ಶುರು.

"ಬರ್ರಿ ಸದಾನಂದ್, ನೋಡ್ರಿಲ್ಲೆ. ಕಡೀ ಫಲಕ. ಮಂದಿ ನಕ್ಕೋತ ಹೊರಗ ಹೋಗ್ಬೇಕು ಅಂತ ಸಾಹೇಬ್ರು ಹೇಳ್ಯಾರ."

ಫಲಕದ ಮೇಲೆ ಮುಂಡಾಸಿನವನೊಬ್ಬ ಬಾಟಲಿ ಹಿಡಿದು ಕಣ್ಣು ತೇಲಿಸುತ್ತಿದ್ದ. ತಲೆಯ ಮೇಲೆ ಚಂದ್ರ, ಚಂದ್ರನ ಪಕ್ಕ ಕಾಮನಬಿಲ್ಲು. ಕೆಳಗೆ ದಪ್ಪಕ್ಷರದಲ್ಲಿ: ರಾತ್ರಿ ಎಂಟಕ್ಕೆ ಕಾಮನಬಿಲ್ಲು ಕಂಡ ಅಣ್ಣಾಜಿ ರಾವ್! ಕರ್ತವ್ಯಕ್ಕೆ ಗೈರುಹಾಜರಾಗಿ, ಸುಳ್ಳು ದಾಖಲೆ ಬರೆದು ಕೆಲಸ ಕಳೆದುಕೊಂಡ ಸಹಾಯಕ.

ಸದಾನಂದನಿಗೆ ನಗು ಬರಲಿಲ್ಲ. ವಿಷಯ ಅವನಿಗೆ ಗೊತ್ತಿಲ್ಲದ್ದೇನಲ್ಲ. 1887ರ ಮಾರ್ಚ್ 14ನೇ ತಾರೀಖಿನ ಸಾಲಿನಲ್ಲಿ, 20 ಗಂಟೆ ಎಂದು ಬರೆದ ಕಡೆ, ಅಣ್ಣಾಜಿ ಷರಾ ಹಾಕಿದ್ದ: 'ಪಶ್ಚಿಮದಲ್ಲಿ ಕಾಮನಬಿಲ್ಲು.' ಇಪ್ಪತ್ತು ಗಂಟೆ ಎಂದರೆ ರಾತ್ರಿ ಎಂಟು. ರೇವುಪಟ್ಟಣದ ಸರಕಾರಿ ಕಚೇರಿಯ ಗುಮಾಸ್ತನೊಬ್ಬ ಅದನ್ನು ಹಿಡಿದ. ಇವನು ಉಪಕರಣದ ಹತ್ತಿರ ಹೋಗಲೇ ಇಲ್ಲ, ಪ್ರಾಯಶಃ ಮದ್ಯದ ಅಮಲಿನಲ್ಲಿ ಹಾಸಿಗೆಯಲ್ಲೇ ಕುಳಿತು ಬರೆದಿದ್ದಾನೆ, ಎಂದು ಮೇಲಿನವರಿಗೆ ಪತ್ರ ಹೋಯಿತು. ಸೂಪರಿಂಟೆಂಡೆಂಟು ಆಗ ಇಂಗ್ಲೆಂಡಿನಲ್ಲಿ ರಜೆಯ ಮೇಲಿದ್ದ. ಕೇಳುವವರಿಲ್ಲದೆ ಅಣ್ಣಾಜಿಯನ್ನು ವಜಾ ಮಾಡಿದರು.

ಪತ್ರದ ಪೆಟ್ಟಿಗೆಯಲ್ಲಿ ಅಣ್ಣಾಜಿಯ ಉತ್ತರವೂ ಇತ್ತು. ಸದಾನಂದ ಅದನ್ನು ಬಾಯಿಪಾಠ ಮಾಡಿಕೊಂಡಿದ್ದ: 'ನಾನು ಕಂಡದ್ದನ್ನು ಕಂಡ ಹೊತ್ತಿನಲ್ಲೇ ಬರೆದಿದ್ದೇನೆ. ಸಂದೇಹವಿದ್ದವರು ಮೊದಲ ಸಂಪುಟದ ಮೊದಲ ಪುಟ ಓದಬಹುದು. ಮಾಡದ ತಪ್ಪಿಗೆ ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ. ಕ್ಷಮಾಪಣೆ ಬೇಕೇಬೇಕೆಂದಿದ್ದರೆ ತಾವು ಕಾಮನಬಿಲ್ಲಿನಿಂದಲೇ ಪಡೆದುಕೊಳ್ಳಿ.'

"ಇದನ್ನ ಹಾಕೋ ಹಾಗಿಲ್ಲ ವಾಸಂತಿ," ಎಂದ ಸದಾನಂದ. "ಈ ಮನುಷ್ಯ ಕುಡುಕ ಅಲ್ಲ."

"ಅಯ್ಯ, ರಾತ್ರಿ ಕಾಮನಬಿಲ್ಲು ಕಂಡಾನಲ್ರಿ! ನೀರ್ ಕುಡದ್ರ ಕಾಣ್ತದೇನು?"

ಅಷ್ಟರಲ್ಲಿ ಗುರುದತ್ ಹೊರಬಂದ. ಬೆಂಗಳೂರಿನ ಗುರುದತ್ ಆ ಕಚೇರಿಯ ಮುಖ್ಯಸ್ಥ. ಅವನ ಕೈಯಲ್ಲಿ ಸದಾನಂದನ ಬಿಡುಗಡೆಯ ಹಾಳೆ ಇತ್ತು. 'ಎಲ್ಲ ದಾಖಲೆಗಳನ್ನೂ ಫಲಕಗಳನ್ನೂ ಪರಿಶೀಲಿಸಿದ್ದೇನೆ, ಎಲ್ಲವೂ ಸರಿಯಾಗಿವೆ' ಎಂಬ ಒಂದು ಸಾಲು, ಅದರ ಕೆಳಗೆ ಸಹಿಗೆ ಜಾಗ.

"ಸೈನ್ ಮಾಡಿ ಸದಾನಂದ್. ನಾಲ್ಕು ಗಂಟೆಗೆ ಮ್ಯೂಸಿಯಂ ಮೇಡಂ ಪುವಾನ್ ರೊಹಾನಾ ಬರ್ತಾರೆ. ಇದನ್ನ ಅವರ ಕೈಗೆ ಕೊಟ್ರೆ ನಿಮ್ಮ ರಜೆ ಶುರು."

"ಕಡೇ ಫಲಕ ತೆಗೆದುಬಿಡಿ ಸಾರ್, ಈಗಲೇ ಹಾಕ್ತೀನಿ."

"ಯಾಕ್ರೀ? ಇಡೀ ಎಕ್ಸಿಬಿಷನ್ನಲ್ಲಿ ಇಂಟರೆಸ್ಟಿಂಗ್ ಆಗಿರೋದು ಅದೊಂದೇ."

"ಅದು ಸುಳ್ಳು ಸಾರ್."

"ಪ್ರೂಫ್ ಇದೆಯಾ?"

ಪ್ರೂಫ್ ಇರಲಿಲ್ಲ. ಸದಾನಂದನ ಬಳಿ ಇದ್ದದ್ದು ಬರೀ ಸಿಟ್ಟು. ಅವನು ಪೆನ್ನನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತ. ಹದಿನೈದು ವರ್ಷದ ನೌಕರಿಯಲ್ಲಿ ಅವನು ಮೇಲಿನವರ ಮುಂದೆ ಕೈಕಟ್ಟಿ ನಿಂತದ್ದು ಬಹಳ ಸಲ ಇದೆ, ಆದರೆ ಈ ಅರ್ಥದಲ್ಲಿ ಇದೇ ಮೊದಲು.

"ಹಾಕಲ್ಲ ಸಾರ್."

ಗುರುದತ್ ಕನ್ನಡಕ ತೆಗೆದು ಒರೆಸಿದ. "ನಾಲ್ಕು ಗಂಟೆವರೆಗೆ ಟೈಮಿದೆ. ಸೈನ್ ಇಲ್ಲ ಅಂದ್ರೆ ರಜೆ ಇಲ್ಲ. ಇಷ್ಟೇ."

ಮಧ್ಯಾಹ್ನ ಊಟಕ್ಕೆ ಕೆಳಗಿನ ಮಾಮಕ್ ಅಂಗಡಿಯಲ್ಲಿ, ತಮಿಳು ಮುಸ್ಲಿಮರ ಆ ಸಣ್ಣ ಹೋಟೆಲಿನಲ್ಲಿ, ಕುಳಿತಾಗ ಇಡೀ ಕಚೇರಿ ಸದಾನಂದನಿಗೆ ಬುದ್ಧಿ ಹೇಳಲು ಟೊಂಕಕಟ್ಟಿತು. ಮೊದಲು ಹೊರಟವನು ಕೀರ್ತಿರಾಜ್. ಉಡುಪಿಯವನು, ಅಂಕಿಗಳನ್ನೆಲ್ಲ ಸಾಫ್ಟ್‌ವೇರಿಗೆ ಉಣಿಸುವುದು ಅವನ ಕೆಲಸ.

"ಎಂತ ಮಾರಾಯಾ ನೀನು? ಸತ್ತು ಹೋದವನಿಗೆ ಎಂತ ಮಾನ, ಎಂತ ಮರ್ಯಾದೆ? ಸಹಿ ಹಾಕಿ ಊರಿಗೆ ಹೋಗು. ಆ ಗುಡ್ಡದಲ್ಲಿ ಎಲ್ಲವೂ ಉಲ್ಟಾವೇ. ಎಷ್ಟೋ ದಿನ ರಾತ್ರಿ ಎರಡು ಗಂಟೆಗೆ ಎಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಸೆಕೆ, ಮಧ್ಯಾಹ್ನ ಎರಡಕ್ಕೆ ತಂಪು. ನೆನಪುಂಟಲ್ಲ?"

ನೆನಪಿಲ್ಲದೆ ಏನು? ಆ ಸೆಕೆಯ ರಾತ್ರಿಗಳ ಬಗ್ಗೆ ಗುರುದತ್ ಒಂದು ಭಾಷಣವನ್ನೇ ಮಾಡಿದ್ದ. ವೀಕ್ಷಣಾಲಯದ ಅಡುಗೆಯವನು ಕೆಲವು ರಾತ್ರಿ ಬ್ರೆಡ್ ಬೇಯಿಸುತ್ತಿದ್ದನೆಂದೂ, ಒಲೆಯ ಗೋಡೆಗೇ ಥರ್ಮಾಮೀಟರು ನೇತುಹಾಕಿದ್ದರೆಂದೂ ಅವನ ಸಿದ್ಧಾಂತ. ಭಾಷಣದಲ್ಲಿ ಬ್ರೆಡ್ಡಿನ ಚಿತ್ರ ಕೂಡ ಇತ್ತು. ಚಪ್ಪಾಳೆ ಬಿದ್ದಿತ್ತು.

"ಸುಮ್ನ ಸಹಿ ಹಾಕ್ರಿ," ಎಂದಳು ವಾಸಂತಿ, ರೊಟ್ಟಿ ಚನಾಯ್ ಹರಿಯುತ್ತ. "ಬಾಟ್ಲಿ ತೆಗದು ಕೈಯಾಗ ಛತ್ರಿ ಕೊಡ್ತೇನಿ. ಆತಿಲ್ಲೋ?"

"ಛತ್ರಿ ಬೇಡ. ಅವನ ಕೆಲಸ ಅವನಿಗೆ ವಾಪಸ್ ಕೊಡಿ."

"ನೂರಾ ಮೂವತ್ತ್ ವರ್ಷದ ಮ್ಯಾಲೆ ಕೆಲ್ಸಾ ಕೊಟ್ರ ಪ್ರೊಬೇಷನ್ ಎಲ್ಲೆ ಮಾಡ್ತಾನ್ರಿ ಅವಾ?"

ಎಲ್ಲರೂ ನಕ್ಕರು. ಸದಾನಂದ ಮಾತ್ರ ತೆಹ್ ತಾರಿಕ್ ಚಹಾದ ನೊರೆ ನೋಡುತ್ತ ಕುಳಿತ. ಮಾಡದ ತಪ್ಪಿಗೆ ಪುಸ್ತಕದಲ್ಲಿ ಹೆಸರು ಕೆಡಿಸಿಕೊಳ್ಳುವುದು ಎಂದರೇನೆಂದು ಈ ಮೇಜಿನ ಸುತ್ತ ಅವನೊಬ್ಬನಿಗೇ ಗೊತ್ತಿತ್ತು. ಒಂದು ಕಡೆ ಅಣ್ಣಾಜಿ, ಇನ್ನೊಂದು ಕಡೆ ಅತ್ತೆ.

ಎರಡೂವರೆಗೆ ವಾರಿಜಾ ಫೋನ್ ಮಾಡಿದಳು.

"ರೀ, ಸಹಿ ಆಯ್ತಾ?"

"ಆಗ್ತಾ ಇದೆ."

"ಬೇಗ ಮುಗಿಸಿ. ಊರಲ್ಲಿ ದೊಡ್ಡ ರಾಮಾಯಣ ಆಗಿದೆ. ಪುರೋಹಿತರು ಮುಹೂರ್ತದ ಚೀಟೀಲಿ ಬುಧವಾರ ಅಂತ ಬರೆದುಕೊಟ್ಟಿದ್ರಂತೆ. ನನ್ನ ತಮ್ಮ ಹಾಗೇ ಬುಧವಾರ ಬೆಳಗಿನ ಜಾವ ಅಂತ ಕಾರ್ಡ್ ಹೊಡೆಸಿದಾನೆ. ಈಗ ನೆಂಟರೆಲ್ಲ ನಾಳೆ ರಾತ್ರಿನೇ ಬಂದು ಬೀಗ ಹಾಕಿರೋ ಮನೆ ಮುಂದೆ ನಿಂತ್ಕೋತಾರೆ! ಅಮ್ಮ ಬೆಳಿಗ್ಗೆಯಿಂದ ಒಬ್ಬೊಬ್ಬರಿಗೇ ಫೋನ್ ಮಾಡ್ತಿದಾರೆ. ತಾಳಿ, ಅವರೇ ಲೈನಲ್ಲಿದಾರೆ."

"ಪುರೋಹಿತರದು ತಪ್ಪಾಯ್ತಲ್ಲ ಅತ್ತೆ," ಎಂದ ಸದಾನಂದ, ಏನಾದರೂ ಹೇಳಬೇಕಲ್ಲ ಎಂದು.

ಅತ್ತೆ ಸಿಡಿದರು. "ಅವರದೇನ್ರೀ ತಪ್ಪು? ಪಂಚಾಂಗದಲ್ಲಿ ದಿನ ಶುರುವಾಗೋದು ಸೂರ್ಯ ಹುಟ್ಟಿದ ಮೇಲೆ. ಗುರುವಾರ ಬೆಳಗಿನ ಜಾವ ನಾಲ್ಕೂವರೆಗೆ ಸೂರ್ಯ ಹುಟ್ಟಿರ್ತಾನಾ? ಅಲ್ಲೀವರೆಗೂ ಬುಧವಾರವೇ. ಬರೆದವರು ಸರಿಯಾಗೇ ಬರೆದಿದಾರೆ. ದಿನ ಎಲ್ಲಿಂದ ಶುರು ಅನ್ನೋದು ಗೊತ್ತಿಲ್ಲದೆ ಓದಿದವರದು ತಪ್ಪು!"

ಸದಾನಂದ ಕುರ್ಚಿಯಿಂದ ಎದ್ದು ನಿಂತ. ಫೋನು ಕೈಯಲ್ಲೇ ಇತ್ತು.

"ಅತ್ತೆ, ಇನ್ನೊಂದ್ ಸಲ ಹೇಳಿ."

"ಏನನ್ನ?"

"ಬೇಡ, ಬೇಡ. ಗೊತ್ತಾಯ್ತು. ನಿಮ್ಮ ಪಾದಕ್ಕೆ ನಮಸ್ಕಾರ ಅತ್ತೆ!"

ಮೈಸೂರಿನಲ್ಲಿ ಅತ್ತೆ ಬೆರಗಾಗಿ ಫೋನನ್ನು ನೋಡುತ್ತಿದ್ದಾಗ ಸದಾನಂದ ದಾಖಲೆಯ ಕೋಣೆಗೆ ಓಡುತ್ತಿದ್ದ. ಮೊದಲ ಸಂಪುಟದ ಮೊದಲ ಪುಟ! ಆ ಪತ್ರವನ್ನು ಇಷ್ಟು ಸಲ ಓದಿದ್ದರೂ ಆ ಪುಟವನ್ನು ಅವನು ನೋಡಿಯೇ ಇರಲಿಲ್ಲ. ಅದಕ್ಕೆ ಕಾರಣವೂ ಅವನೇ. ಎಂಟು ತಿಂಗಳ ಹಿಂದೆ, ಕೆಲಸ ಬೇಗ ಸಾಗಲೆಂದು, 'ಅಂಕಿಗಳಿಲ್ಲದ ಪುಟಗಳನ್ನು ಬಿಟ್ಟುಬಿಡುವುದು' ಎಂದು ನಿಯಮ ಮಾಡಿ ಗೋಡೆಗೆ ಅಂಟಿಸಿದವನು ಸದಾನಂದ. ಗುರುದತ್ ಅವನ ಬೆನ್ನು ತಟ್ಟಿದ್ದ.

ಪುಟ ಮೊದಲ ರಟ್ಟಿಗೆ ಅಂಟಿಕೊಂಡಿತ್ತು. ಉಸಿರು ಬಿಗಿಹಿಡಿದು ಬಿಡಿಸಿದ. ಅಣ್ಣಾಜಿಯ ಅದೇ ದುಂಡು ಅಕ್ಷರ:

'ಈ ಪುಸ್ತಕದಲ್ಲಿ ನಾನು ಬರೆಯುವ ದಿನವು ಖಗೋಳಜ್ಞರ ಪದ್ಧತಿಯಂತೆ ನಡುಮಧ್ಯಾಹ್ನ ಶುರುವಾಗುತ್ತದೆ. ನಕ್ಷತ್ರ ನೋಡುವವರಿಗೆ ರಾತ್ರಿಯ ನಡುವೆ ತಾರೀಖು ಬದಲಾಗುವುದು ಅನುಕೂಲವಲ್ಲ. ಸೂಪರಿಂಟೆಂಡೆಂಟರು ಸ್ವತಃ ಬರೆಯುವ ದಿನಗಳು ಮಾತ್ರ ಪೇಟೆಯ ಗಡಿಯಾರದಂತೆ ಮಧ್ಯರಾತ್ರಿಗೆ ಶುರು.'

ಸದಾನಂದ ಬೆರಳು ಎಣಿಸಿದ. ಹದಿನಾಲ್ಕನೇ ತಾರೀಖು ಮಧ್ಯಾಹ್ನ ಹನ್ನೆರಡಕ್ಕೆ ದಿನ ಶುರು. ಅಲ್ಲಿಂದ ಇಪ್ಪತ್ತು ಗಂಟೆ ಎಂದರೆ ಹದಿನೈದನೇ ತಾರೀಖು ಬೆಳಿಗ್ಗೆ ಎಂಟು. ಪೂರ್ವದಲ್ಲಿ ಬಿಸಿಲು, ಪಶ್ಚಿಮದಲ್ಲಿ ಮಳೆ, ಮಳೆಯ ಮೇಲೆ ಕಾಮನಬಿಲ್ಲು. ಇರಬೇಕಾದ ಜಾಗದಲ್ಲಿ, ಇರಬೇಕಾದ ಹೊತ್ತಿನಲ್ಲಿ. ಅವನ ಕಣ್ಣು ತುಂಬಿ ಬಂತು. ಧೂಳು ಎಂದುಕೊಂಡು ಒರೆಸಿಕೊಂಡ.

ನಾಲ್ಕಕ್ಕೆ ಸರಿಯಾಗಿ ಪುವಾನ್ ರೊಹಾನಾ ಬಂದರು. ತಲೆಗೆ ತಿಳಿ ಹಸಿರು ತುಡುಂಗ್ ವಸ್ತ್ರ ಸುತ್ತಿದ, ಮೆಲುದನಿಯ ಹೆಂಗಸು. ಗುರುದತ್ ಫಲಕಗಳನ್ನು ತೋರಿಸುತ್ತ ಕೊನೆಯದಕ್ಕೆ ಬಂದ. ಬಾಟಲಿ ಹೋಗಿ ಛತ್ರಿ ಬಂದಿತ್ತು.

"ಮೇಡಂ, ಈ ಫಲಕ ಸುಳ್ಳು," ಎಂದು ಸದಾನಂದ ಸಂಪುಟವನ್ನು ಮೇಜಿನ ಮೇಲೆ ಧೊಪ್ಪೆಂದು ಇಟ್ಟ.

"ಸದಾನಂದ್!" ಎಂದ ಗುರುದತ್.

"ತಾಳಿ ಸಾರ್. ಬೆಳಿಗ್ಗೆ ಪ್ರೂಫ್ ಕೇಳಿದ್ರಲ್ಲ."

ಸದಾನಂದ ಮಾತಾಡಿದ. ಅವನು ಅಷ್ಟು ಚೆನ್ನಾಗಿ ಮಾತಾಡಿದ್ದು ಅವನ ಮದುವೆಯ ಮಾತುಕತೆಯಲ್ಲೂ ಇಲ್ಲ. ನಡುಮಧ್ಯಾಹ್ನಕ್ಕೆ ಶುರುವಾಗುವ ದಿನ, ಪೂರ್ವದ ಸೂರ್ಯ, ಪಶ್ಚಿಮದ ಬಿಲ್ಲು, ಪುಟ ತೆರೆಯದ ಗುಮಾಸ್ತ, ಕ್ಷಮೆ ಕೇಳದ ಅಣ್ಣಾಜಿ. ರಾತ್ರಿ ಎರಡರ ಸೆಕೆಯನ್ನೂ ಬಿಡಲಿಲ್ಲ. ಅದು ಮಧ್ಯಾಹ್ನ ಎರಡರ ಬಿಸಿಲು, ಯಾವ ಅಡುಗೆಯವನೂ ಯಾವ ಬ್ರೆಡ್ಡನ್ನೂ ಬೇಯಿಸಿರಲಿಲ್ಲ. ಗುರುದತ್ ಒಲೆಯಿಂದ ಬೇಗ ತೆಗೆದ ಬ್ರೆಡ್ಡಿನ ಹಾಗೆ ನಿಧಾನವಾಗಿ ಕುಗ್ಗಿದ.

"ಆದರೆ ಎಂಚಿಕ್ ಸದಾ, ಆ ಸೆಕೆಯ ಸಾಲುಗಳು ಅಣ್ಣಾಜಿಯವೇ, ಸೂಪರಿಂಟೆಂಡೆಂಟರವಲ್ಲ ಅಂತ ಹೇಗೆ ಹೇಳ್ತೀರಿ?" ಎಂದು ರೊಹಾನಾ ಇಂಗ್ಲಿಷಿನಲ್ಲಿ ಕೇಳಿದರು; ಎಂಚಿಕ್ ಎಂದರೆ ಅವರ ಭಾಷೆಯಲ್ಲಿ ಶ್ರೀಯುತ. "ಯಾರ ಸಹಿಯೂ ಇಲ್ಲವಲ್ಲ?"

"ಮೇಡಂ, ಅಣ್ಣಾಜಿ ಬರೆಯೋ ಏಳರ ಅಂಕಿಗೆ ಸಣ್ಣ ಬಾಲ ಇರುತ್ತೆ. ಇಬ್ಬರ ಬರಹವೂ ಒಂದೇ ಥರ ಕಾಣುತ್ತೆ, ಕಂಪ್ಯೂಟರಿಗೂ ಗೊತ್ತಾಗಲ್ಲ. ಈ ದೇಶದಲ್ಲಿ ಅದನ್ನ ಗುರುತು ಹಿಡಿಯೋನು ನಾನೊಬ್ಬನೇ!" ಎಂದು ಸದಾನಂದ ಎದೆ ತಟ್ಟಿಕೊಂಡ.

ರೊಹಾನಾ ಬಹಳ ಹೊತ್ತು ಆ ಪುಟ ನೋಡಿದರು. ಆಮೇಲೆ ವಾಸಂತಿಯ ಕಡೆ ತಿರುಗಿ, "ಈ ಚಿತ್ರ ತೆಗೀರಿ. 'ಅಣ್ಣಾಜಿ ರಾವ್ ಹಾಜರಿದ್ದರು' ಅಂತ ಬರೆಯಿರಿ. ಇದು ಮೊದಲ ಫಲಕ ಆಗಲಿ," ಎಂದರು.

ವಾಸಂತಿ ಚಪ್ಪಾಳೆ ತಟ್ಟಿದಳು. ಕೀರ್ತಿರಾಜ್ ಸದಾನಂದನ ಬೆನ್ನಿಗೆ ಗುದ್ದಿದ. ಸದಾನಂದ ಪೆನ್ನಿನ ಮುಚ್ಚಳ ತೆಗೆದು ಬಿಡುಗಡೆಯ ಹಾಳೆಯನ್ನು ಹತ್ತಿರ ಎಳೆದುಕೊಂಡ.

ಆಗ ರೊಹಾನಾ ತುಂಬ ಒಳ್ಳೆಯತನದಿಂದ ಒಂದು ಪ್ರಶ್ನೆ ಕೇಳಿದರು.

"ಹಾಗಾದರೆ ಎಂಚಿಕ್ ಸದಾ, ಹನ್ನೊಂದು ವರ್ಷದ ಉಳಿದ ಸಾಲುಗಳನ್ನು ನೀವು ಯಾವ ದಿನಕ್ಕೆ ಟೈಪ್ ಮಾಡಿದ್ದೀರಿ?"

ಸದಾನಂದ ಪೆನ್ನು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. ಗುಮಾಸ್ತ ಓದಿದ ಹಾಗೆಯೇ ಅವನೂ ಓದಿದ್ದ. ಒಂದೂ ಬಿಡದೆ, ಎಂಟು ತಿಂಗಳು.

"ಎಷ್ಟು ಸಾಲು ಇದಾವೆ ಕೀರ್ತಿರಾಜ್?" ಎಂದ ಗುರುದತ್. ಅವನ ದನಿಯಲ್ಲಿ ಜೀವ ಮರಳಿ ಬರುತ್ತಿತ್ತು.

"ಹದಿನಾರು ಸಾವಿರ ಚಿಲ್ಲರೆ ಸಾರ್."

"ಸಾಫ್ಟ್‌ವೇರಲ್ಲಿ ಒಂದೇ ಸಲಕ್ಕೆ ಸರಿಮಾಡಕ್ಕಾಗಲ್ವಾ?"

"ಎಲ್ಲ ಅಣ್ಣಾಜಿಯದ್ದೇ ಆಗಿದ್ರೆ ಐದು ನಿಮಿಷದ ಕೆಲಸ. ಸೂಪರಿಂಟೆಂಡೆಂಟನ ಸಾಲನ್ನು ಮುಟ್ಟುವ ಹಾಗಿಲ್ಲವಲ್ಲ. ಯಾರದ್ದು ಯಾವುದು ಅಂತ ಏಳರ ಬಾಲ ನೋಡಿ ಒಬ್ಬ ಹೇಳ್ಬೇಕು." ಕೀರ್ತಿರಾಜ್ ಪಾಪಪ್ರಜ್ಞೆಯಿಂದ ಸದಾನಂದನ ಕಡೆ ನೋಡಿದ. "ಈ ದೇಶದಲ್ಲಿ ಅದು ಗೊತ್ತಿರುವವನು ಒಬ್ಬನೇ ಅಂತೆ."

ಗುರುದತ್ ಬಿಡುಗಡೆಯ ಹಾಳೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. "ಶನಿವಾರ ಓಪನಿಂಗ್, ಸದಾನಂದ್."

ಆರು ಗಂಟೆಗೆ ವಾರಿಜಾ ಎಲ್ಲವನ್ನೂ ಕೇಳಿ ಫೋನನ್ನು ತಾಯಿಗೆ ಜೋಡಿಸಿದಳು. ಸದಾನಂದ ಮೊದಲಿನಿಂದ ವಿವರಿಸಿದ. ಅತ್ತೆ ಕೊನೆಯವರೆಗೂ ಕೇಳಿಸಿಕೊಂಡರು. ಅದೇ ಭಯ ಹುಟ್ಟಿಸುವಂತಿತ್ತು.

"ಅಂದ್ರೆ," ಎಂದರು ಅತ್ತೆ, "ಯಾವನೋ ರಾತ್ರಿ ಎಂಟು ಗಂಟೆಗೆ ಕಾಮನಬಿಲ್ಲು ನೋಡ್ದ, ಅದಕ್ಕೆ ನಿಮಗೆ ಗೃಹಪ್ರವೇಶಕ್ಕೆ ಬರಕ್ಕಾಗಲ್ಲ."

"ರಾತ್ರಿ ಅಲ್ಲ ಅತ್ತೆ, ಬೆಳಿಗ್ಗೆ. ದಿನ ಶುರುವಾಗೋದು..."

"ಅಳಿಯಂದಿರೇ, ಹಿಂದಿನ ಮೂರು ಸಲ ನೀವು ಹೇಳಿದ್ದು ನಂಬೋ ಹಾಗಾದ್ರೂ ಇತ್ತು."

ಸದಾನಂದನಿಗೆ ರೇಗಿತು. ಸೋತವನಿಗೆ ಬರುವ ಸಿಟ್ಟಲ್ಲ ಅದು, ಗೆದ್ದೂ ಏಟು ತಿಂದವನದು. ಅವನು ನೆಟ್ಟಗೆ ಕುಳಿತ. "ಬರ್ಕೊಳ್ಳಿ ಅತ್ತೆ. ನಾನು ಇರೋದನ್ನ ಇದ್ದ ಹಾಗೆ ಹೇಳಿದೀನಿ. ಮಾಡದ ತಪ್ಪಿಗೆ ಕ್ಷಮೆ ಕೇಳೋ ಅಭ್ಯಾಸ ನನಗಿಲ್ಲ!"

ಫೋನಿಟ್ಟು, ಮೊದಲ ಸಂಪುಟ ಎಳೆದುಕೊಂಡು, ಗೋಡೆಯ ಮೇಲಿನ ತನ್ನ ನಿಯಮದ ಚೀಟಿಯನ್ನು ಕಿತ್ತು ಬುಟ್ಟಿಗೆ ಹಾಕಿದ. ಆದರೆ ಕೆಲಸ ಶುರು ಮಾಡಿದ್ದು ಮೊದಲ ಸಂಪುಟದಿಂದಲ್ಲ, ಹನ್ನೊಂದನೆಯದರಿಂದ. '1887, ಮಾರ್ಚ್ 15, ಬೆಳಿಗ್ಗೆ 8. ಪಶ್ಚಿಮದಲ್ಲಿ ಕಾಮನಬಿಲ್ಲು' ಎಂದು ಕೀಲಿಗಳನ್ನು ಕುಟ್ಟಿ ಟೈಪ್ ಮಾಡಿದ. ಇನ್ನು ಹದಿನಾರು ಸಾವಿರಕ್ಕೆ ಒಂದು ಕಡಿಮೆ.

ಅದೇ ಹೊತ್ತಿನಲ್ಲಿ ಮೈಸೂರಿನಲ್ಲಿ ಅತ್ತೆ ಕೆಂಪು ರಟ್ಟಿನ ನೋಟುಬುಕ್ಕು ಬಿಚ್ಚಿ, ಕನ್ನಡಕ ಏರಿಸಿ, ಗೃಹಪ್ರವೇಶಕ್ಕೆ ಇನ್ನೂ ಮೂರು ರಾತ್ರಿ ಬಾಕಿ ಇರುವಾಗಲೇ, ಕುಳಿತ ಕುರ್ಚಿಯಿಂದ ಏಳದೆಯೇ ಬರೆದರು: ಅಳಿಯ ಬರಲಿಲ್ಲ.